ಹಂದಿಗೆ ಬರೆದುಕೊಟ್ಟ ಕಾಗದ

ದುಂಡಮ್ಮ ಕಾಡಂಚಿನಲ್ಲಿ ಮುಸುಕಿನ ಜೋಳ ಬೆಳೆಯುವ ಮುದುಕಿ. ಕಾಡುಹಂದಿ ಬೆದರಿಸಲು ಅವಳಿಗೊಂದು ಲೈಸೆನ್ಸಿನ ಕೋವಿ ಇತ್ತು. ಜಗಳವೊಂದರಲ್ಲಿ ಪಕ್ಕದ ಹೊಲದವನಿಗೆ ಪೊರಕೆಯಲ್ಲಿ ಬಾರಿಸಿದಳೆಂದು ಕೇಸಾಯಿತು, ಲೈಸೆನ್ಸು ರದ್ದಾಯಿತು, ಕೋವಿ ಸರ್ಕಾರದ ವಶವಾಯಿತು. ಕೊನೆಗೆ ಕೋರ್ಟು ಅವಳದೇನೂ ತಪ್ಪಿಲ್ಲವೆಂದು ಬಿಟ್ಟಿತು. ಲೈಸೆನ್ಸು ಕೊಡುವ ಸಾಹೇಬ ಮಾತ್ರ ಬಿಡಲಿಲ್ಲ.

"ಕೋರ್ಟು ಏನಾದರೂ ಹೇಳಲಿ, ನೀನು ಅಪಾಯಕಾರಿ ಹೆಂಗಸು. ನಾನಿರೋತನಕ ನಿನಗೆ ಕೋವಿ ಇಲ್ಲ," ಎಂದು ಪ್ರತಿ ಸಲವೂ ಬಾಯಲ್ಲೇ ಹೇಳಿ ಅಟ್ಟುತ್ತಿದ್ದ. ಬರಹದಲ್ಲಿ ಒಂದಕ್ಷರ ಕೊಡುತ್ತಿರಲಿಲ್ಲ. ಬರಹವಿಲ್ಲದೆ ಮೇಲಧಿಕಾರಿಗೆ ಮೇಲ್ಮನವಿ ಹಾಕುವಂತಿಲ್ಲ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅಷ್ಟರಲ್ಲಿ ಅರ್ಧ ಬೆಳೆ ಹಂದಿಗಳ ಪಾಲಾಗಿತ್ತು.

ಒಂದು ದಿನ ಅವಳು ಕೈಮುಗಿದಳು. "ಆಯ್ತು ಬುದ್ಧಿ, ನಾನು ಅಪಾಯದವಳೇ. ಅದನ್ನೇ ಬರೆದು ಸೀಲ್ ಹೊಡೆದುಕೊಡಿ. ಹೊಲದ ಬೇಲಿಗೆ ಕಟ್ತೀನಿ. ನಿಮ್ಮ ಸೀಲ್ ಕಂಡ್ರೆ ನಾವೇ ನಡುಗ್ತೀವಿ, ಹಂದಿ ಹೆದರೋದಿಲ್ವಾ?"

ಸಾಹೇಬ ಹೊಟ್ಟೆ ಕುಣಿಸಿ ನಕ್ಕ. ನಗುತ್ತಲೇ ಬರೆದ: 'ಕೋರ್ಟು ಬಿಟ್ಟರೂ ಈಕೆಗೆ ಕೋವಿ ಕೊಡಲಾಗುವುದಿಲ್ಲ. ಈಕೆ ಅಪಾಯಕಾರಿ. ಹಂದಿಗಳು ಎಚ್ಚರದಿಂದಿರತಕ್ಕದ್ದು.' ಸಹಿ ಹಾಕಿದ, ಸೀಲನ್ನೂ ಒತ್ತಿದ.

ಹತ್ತು ದಿನಕ್ಕೆ ಮೇಲಧಿಕಾರಿಯಿಂದ ಅವನಿಗೆ ಕರೆ ಬಂತು. ಅವರು ಆ ಕಾಗದವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದರು. ಹಂದಿಗಳ ಕುರಿತ ಸಾಲನ್ನು ಅವನು ಗೊಣಗಿ ಮುಗಿಸಿದ. ಕೋವಿಯನ್ನು ಅವನೇ ತಂದು ಮುದುಕಿಯ ಕೈಗಿಡಬೇಕಾಯಿತು.

"ಹಂದಿಗೆ ತೋರಿಸ್ತೀನಿ ಅಂದಿದ್ದೆಯಲ್ಲೇ!" ಎಂದು ಹಲ್ಲು ಕಡಿದ.

"ತೋರಿಸ್ದೆ ಬುದ್ಧಿ. ಅವಕ್ಕೆ ಓದೋಕೆ ಬರಲಿಲ್ಲ. ಬರೋರ ಹತ್ರ ತಗೊಂಡೋದೆ."