ಬೈಗುಳ ಉಂಡ ದೇವರು

“ಗುರುಗಳೇ, ಕೆಟ್ಟ ದೇವರನ್ನು ಜನ ಯಾಕೆ ಪೂಜಿಸುತ್ತಾರೆ?”

ಇರುಗಪ್ಪ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದ. ಅವನ ಕೈಯಲ್ಲಿ ಹಾರೆಯಿತ್ತು. ಮಠದಿಂದ ತನ್ನ ಊರಿಗೆ ಹೊರಟಿದ್ದ.

ಅವನ ಊರ ಗಡಿಯಲ್ಲಿ ಕೋರೆಯಮ್ಮ ಎಂಬ ಕರಿಕಲ್ಲಿನ ದೇವತೆ ಇದ್ದಳು. ಜ್ವರ ಕೊಡುವವಳೂ ಅವಳೇ, ಮಕ್ಕಳನ್ನು ಒಯ್ಯುವವಳೂ ಅವಳೇ ಎಂದು ಊರವರ ನಂಬಿಕೆ. ಹೋದ ಮಳೆಗಾಲದಲ್ಲಿ ಇರುಗಪ್ಪನ ತಮ್ಮ ಜ್ವರದಲ್ಲಿ ತೀರಿಕೊಂಡ. ಕಾಯಿಲೆಯ ಸುದ್ದಿ ಮೊದಲೇ ಬಂದಿತ್ತು. ಮಳೆ ಒಂದಿಷ್ಟು ಬಿಡಲಿ ಎಂದು ಇರುಗಪ್ಪ ಮಠದಲ್ಲೇ ಉಳಿದ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಯಿ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಬಡಿಸಿದಳು, ಹಾಸಿಗೆ ಹಾಸಿಕೊಟ್ಟಳು, ಹೊರಟಾಗ ಬುತ್ತಿ ಕಟ್ಟಿದಳು. ಆದರೆ ಅಂದಿನಿಂದ ಅವಳು ದಿನವೂ ಆ ಕಲ್ಲಿನ ಮುಂದೆ ಹೋಗಿ ಕೂರುತ್ತಾಳೆ, ಹೂವು ಮುಡಿಸುತ್ತಾಳೆ, ಅದರೊಡನೆ ಏನೇನೋ ಮಾತಾಡುತ್ತಾಳೆ ಎಂದು ಊರಿಂದ ಬಂದವರು ಹೇಳಿದರು. ಮಗನನ್ನು ಒಯ್ದವಳಿಗೇ ಹೂವು! ಇರುಗಪ್ಪನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಆ ಕಲ್ಲನ್ನು ಕಿತ್ತು ಹೊಳೆಗೆ ಹಾಕಿಯೇ ಬರುವುದೆಂದು ಹೊರಟಿದ್ದ.

“ಹಾರೆ ಭಾರ ಇದೆ. ಕೆಳಗಿಟ್ಟು ಕೂತುಕೋ,” ಎಂದರು ಗುರುಗಳು.

ಇರುಗಪ್ಪ ಕೂತ. ಹಾರೆಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡ. ಗುರುಗಳು ಅದನ್ನು ನೋಡಿ ಸಣ್ಣಗೆ ನಕ್ಕು ಕತೆ ತೆಗೆದರು.

ನಮ್ಮ ಯಾವ ದಾರಿಯೂ ಹೋಗಿ ಮುಟ್ಟದ ಒಂದು ನಾಡಿತ್ತು. ಅಲ್ಲಿ ಮಂಜು ಎಂದೂ ಪೂರ್ತಿ ಕರಗುತ್ತಿರಲಿಲ್ಲ. ಸೂರ್ಯ ಬಟ್ಟೆಯ ಹಿಂದೆ ಇಟ್ಟ ದೀಪದ ಹಾಗೆ ಕಾಣುತ್ತಿದ್ದ. ಹೊಳೆಯಿಲ್ಲ, ಬಾವಿಯಿಲ್ಲ. ಮಳೆ ಎಂದರೆ ಏನೆಂದು ಅಲ್ಲಿನವರಿಗೆ ಗೊತ್ತಿರಲಿಲ್ಲ. ಜನ ಬಯಲಲ್ಲಿ ಗಳ ನೆಟ್ಟು, ಉದ್ದುದ್ದ ಬಟ್ಟೆ ಕಟ್ಟಿ ಬರುತ್ತಿದ್ದರು. ಬಟ್ಟೆ ರಾತ್ರಿಯೆಲ್ಲ ಮಂಜು ಕುಡಿಯುತ್ತಿತ್ತು. ಬೆಳಗ್ಗೆ ಬಿಚ್ಚಿ ತಂದು ಹಿಂಡಿದರೆ ಕೊಡ ತುಂಬುತ್ತಿತ್ತು. ಆ ಒದ್ದೆ ಬಟ್ಟೆ ಒಬ್ಬರ ಕೈಗೆ ಬಗ್ಗುವಂಥದಲ್ಲ. ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ತಿರುಚಬೇಕು. ಹೀಗಾಗಿ ಅಲ್ಲಿ ಮದುವೆ ಮಾತುಕತೆಯಲ್ಲಿ ಯಾರೂ ಮುಖ ನೋಡುತ್ತಿರಲಿಲ್ಲ. ಹುಡುಗನ ಕೈ ನೋಡುತ್ತಿದ್ದರು, ಹುಡುಗಿಯ ಕೈ ನೋಡುತ್ತಿದ್ದರು, ಸರಿ ಎನ್ನುತ್ತಿದ್ದರು.

ಮಂಜು ನೀರು ಕೊಡುತ್ತಿತ್ತು, ಮನುಷ್ಯರನ್ನು ತೆಗೆದುಕೊಳ್ಳುತ್ತಿತ್ತು. ಬಟ್ಟೆ ಬಿಚ್ಚಲು ಹೋದವರ ಹೆಜ್ಜೆ ಸ್ವಲ್ಪ ದೂರ ಕೇಳುತ್ತಿತ್ತು. ಕೆಲವೊಮ್ಮೆ ಆಮೇಲೆ ಕೇಳುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಕಳಿಸಿ ನೋಡಿದರು. ಗಂಟು ಬಿಚ್ಚದ ಹಗ್ಗ ಮಾತ್ರ ಹಿಂದಕ್ಕೆ ಬಂತು. ಅಂಥ ದಿನ ಊರವರು “ಕರಿಬಾಯ ಒಯ್ದ” ಎನ್ನುತ್ತಿದ್ದರು.

ಕರಿಬಾಯ ಆ ಊರಿನ ದೇವರು. ಬಯಲಿನ ಅಂಚಿನ ಕತ್ತಲೆ ಗುಂಡಿಯಲ್ಲಿ ಅವನ ವಾಸ. ಊರಿಗೆ ಇನ್ನೊಬ್ಬ ದೇವರೂ ಇದ್ದ. ಗುಡ್ಡದ ಮೇಲಿನ ಬೆಳಕಪ್ಪ. ಅವನಲ್ಲಿಗೆ ಕೈಕಾಲು ತೊಳೆದು ಹೋಗಬೇಕು, ಮೆಲ್ಲಗೆ ಮಾತಾಡಬೇಕು, ಕೊಟ್ಟಿದ್ದಕ್ಕೆ ಕೈಮುಗಿದು ಬರಬೇಕು. ಮದುವೆಗೆ, ನಾಮಕರಣಕ್ಕೆ ಬೆಳಕಪ್ಪನೇ ಸೈ. ಕರಿಬಾಯನ ಪೂಜೆಯ ರೀತಿ ಬೇರೆ. ಗುಂಡಿಯ ಬಾಯಿಗೆ ಒಂದು ಹಿಡಿ ಹಿಟ್ಟು ಹಾಕಿ, ಬಾಯಿಗೆ ಬಂದ ಹಾಗೆ ಬೈಯಬೇಕು. ಅದೇ ಮಂತ್ರ, ಅದೇ ಮಂಗಳಾರತಿ. ಬೈದು ಸುಸ್ತಾದ ಮೇಲೆ ಆಳದಿಂದ “ಹೂಂ” ಎಂದು ಒಂದು ದನಿ ಬರುತ್ತಿತ್ತು. ಅದು ಬಂತೆಂದರೆ ಪೂಜೆ ಮುಗಿಯಿತು. ಜನ ಮನೆಗೆ ಹೋಗಿ ಉಣ್ಣುತ್ತಿದ್ದರು.

ಆ ಊರಿಗೆ ಒಬ್ಬ ಕತ್ತಿಯಾಳು ಬಂದ. ಕೇಡು ಕಂಡಲ್ಲಿ ಕಡಿಯುವುದು ಅವನ ಕಸುಬು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಗೆ ಇರುವ ಅವಸರವೂ ಅವನಿಗಿತ್ತು.

ಅವನು ಗುಂಡಿಯ ಹತ್ತಿರ ಬಂದಾಗ ಮಾಕವ್ವ ಎಂಬ ಹೆಂಗಸು ಪೂಜೆಯಲ್ಲಿದ್ದಳು. ಅವಳ ಗಂಡ ಬಟ್ಟೆ ಬಿಚ್ಚಲು ಹೋಗಿ ಬಂದಿರಲಿಲ್ಲ.

“ಏನೋ ಹೊಟ್ಟೆಬಾಕ, ತುಂಬ್ತಾ ಹೊಟ್ಟೆ? ನಿನ್ ಬಾಯಿಗೆ ಮಣ್ಣು ಹಾಕ! ಬಟ್ಟೆಯ ಆ ತುದಿ ಹಿಡಿಯೋಕೆ ಇದ್ದವನು ಅವನೊಬ್ಬ. ಅವನನ್ನೂ ನುಂಗಿದೆ. ಕೊಡ ಒಡೆದ್ರೂ ನಿನ್ನಿಂದ, ಒಲೆ ಆರಿದ್ರೂ ನಿನ್ನಿಂದ. ನಿನ್ ವಂಶ ನಿರ್ವಂಶ ಆಗ!”

ಕತ್ತಿಯಾಳು ಅವಳ ಪಕ್ಕಕ್ಕೆ ಬಂದ. “ಅಕ್ಕಾ, ಅವನನ್ನ ಕೊಂದುಬಿಡ್ಲಾ?” ಎಂದ.

“ಕೊಲ್ಲು, ಯಾರು ಬೇಡ ಅಂದ್ರು!” ಎಂದಳು ಮಾಕವ್ವ, ಬೈಗುಳದ ಓಘದಲ್ಲೇ.

ಅವಳು ಪೂಜೆ ಮಾಡುತ್ತಿದ್ದಳು. ಅವನಿಗೆ ಅದು ಅಹವಾಲು ಎನಿಸಿತು. ಕತ್ತಿ ಹಿರಿದು ಗುಂಡಿಗೆ ಇಳಿದ.

ತಳದಲ್ಲಿ ಒಂದು ಕಪ್ಪು ಆಕಾರ ಕೂತಿತ್ತು. ಮಂಜು ಮಸಿ ಬಳಿದುಕೊಂಡ ಹಾಗಿತ್ತು. ಅವನು ಕತ್ತಿ ಎತ್ತಿದಾಗ ಅದು ಓಡಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಬಹಳ ಕಾಲ ಕೂತಿದ್ದವನು ಬಂದವನಿಗೆ ಜಾಗ ಬಿಟ್ಟುಕೊಡುವ ಹಾಗೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಕತ್ತಿ ಬಿದ್ದ ಮೇಲೆ ಅಲ್ಲಿ ಉಳಿದದ್ದು ಒಂದಿಷ್ಟು ಬೂದಿ. ಅವನು ಅದನ್ನು ಕೊಡವಿಕೊಂಡು ಮೇಲೆ ಬಂದ. ಊರವರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಇಷ್ಟು ಸುಲಭದ ಕೆಲಸವನ್ನು ತಮ್ಮ ಹಿರಿಯರು ಯಾಕೆ ಮಾಡಲಿಲ್ಲವೋ ಎಂದು ಆಡಿಕೊಂಡರು.

ಮಾರನೆಯ ದಿನ ಮಾಕವ್ವ ರೂಢಿಯಂತೆ ಹಿಟ್ಟು ಹಿಡಿದು ಹೋದಳು. ಬೈದಳು. ಗುಂಡಿ ಸುಮ್ಮನಿತ್ತು. ಇನ್ನೂ ಜೋರಾಗಿ ಬೈದಳು. ಕಾದಳು. ಕೊನೆಗೆ ತನ್ನ ಮಾತುಗಳನ್ನೆಲ್ಲ ತಾನೇ ಹೊತ್ತುಕೊಂಡು ಮನೆಗೆ ಬಂದಳು. ಅಂದು ಅವಳು ಉಣ್ಣಲಿಲ್ಲ. ಹಾಗೆ ಹೋಗಿ ಬಂದವರು ಊರಲ್ಲಿ ಅವಳೊಬ್ಬಳೇ ಅಲ್ಲ. ಮನೆಮನೆಯಲ್ಲಿ ಗಂಡ ಹೆಂಡಿರು ಸಣ್ಣದಕ್ಕೆಲ್ಲ ಕಿತ್ತಾಡತೊಡಗಿದರು. ನೆರೆಹೊರೆಯವರು ಮುಖ ತಿರುಗಿಸಿ ನಡೆಯತೊಡಗಿದರು. ಕತ್ತಿಯಾಳು ಇದನ್ನೆಲ್ಲ ನೋಡಿದ. ಕೇಡು ಸತ್ತ ಊರಲ್ಲಿ ನಗು ಯಾಕಿಲ್ಲ ಎಂದು ಅವನಿಗೆ ತಿಳಿಯಲಿಲ್ಲ.

ಪಕ್ಕದ ಮನೆಯ ದುಗ್ಗವ್ವನಿಗೆ ತುಂಬೆ ಎಂಬ ಮಗಳಿದ್ದಳು. ಗಂಡನಿಲ್ಲದ ಮಾಕವ್ವನ ಬಟ್ಟೆಗೆ ಆ ತುದಿ ಹಿಡಿಯುತ್ತಿದ್ದವಳು ಅವಳೇ. ಒಂದು ಬೆಳಗ್ಗೆ “ಚಿಕ್ಕಮ್ಮ, ನೀನು ಕೂತಿರು, ನಾನೇ ಬಿಚ್ಚಿ ತರ್ತೀನಿ” ಎಂದು ಓಡಿದಳು. ಹೆಜ್ಜೆ ಕೇಳಿತು. ಆಮೇಲೆ ಕೇಳಲಿಲ್ಲ.

ಊರು ಸೇರಿತು. ಯಾರ ಬಾಯಲ್ಲೂ “ಕರಿಬಾಯ ಒಯ್ದ” ಎಂಬ ಮಾತು ಬರುವಂತಿರಲಿಲ್ಲ. ಕತ್ತಿಯಾಳು ಮುಂದೆ ಬಂದು ಸಮಾಧಾನ ಹೇಳಿದ: “ಅಮ್ಮಾ, ಮಂಜಿಗೆ ಮನಸ್ಸಿಲ್ಲ. ನಿನ್ನ ಮಗಳನ್ನ ಯಾರೂ ಒಯ್ದಿಲ್ಲ. ಇದು ಯಾರ ತಪ್ಪೂ ಅಲ್ಲ.”

“ಯಾರೂ ಒಯ್ದಿಲ್ಲ ಅಂದ್ರೆ ನನ್ ಮಗಳು ಈಗ ಯಾರ ಹತ್ರ ಇದಾಳೆ?” ಎಂದಳು ದುಗ್ಗವ್ವ.

ದುಗ್ಗವ್ವ ಅವನನ್ನು ಬಿಟ್ಟು ಮಾಕವ್ವನ ಕಡೆ ತಿರುಗಿದಳು. “ನಿನ್ ಬಟ್ಟೆ ಬಿಚ್ಚೋಕೆ ಹೋದ್ಲು. ಒಯ್ದವನು ಇಲ್ಲ ಅಂದ್ಮೇಲೆ, ಕಳಿಸಿದವಳು ನೀನೇ ಅಲ್ವಾ?”

ಊರು ಹೌದೆಂದಿತು. ಬೆಳಗಾದ ಕೂಡಲೇ ಮಾಕವ್ವನನ್ನು ಮಂಜಿನೊಳಕ್ಕೆ ಅಟ್ಟಬೇಕು, ಅವಳ ಹಿಂದೆ ಊರಬಾಗಿಲು ಮುಚ್ಚಬೇಕು ಎಂದು ತೀರ್ಮಾನವಾಯಿತು. ಮಾಕವ್ವ ಬೇಡ ಅನ್ನಲಿಲ್ಲ. ಗಂಡ ಹೋದ ದಿನ ನೆನಪಾಯಿತು. ಅವನು ಮನೆಗೆ ಬಂದು ಕೂತಿದ್ದ. ಒಂದು ಬಟ್ಟೆ ಬಯಲಲ್ಲೇ ಉಳಿದಿದೆ, ತಾ ಎಂದು ಅವಳೇ ಎಬ್ಬಿಸಿ ಕಳಿಸಿದ್ದಳು. ಇಷ್ಟು ಕಾಲ ಆ ಮಾತನ್ನು ಗುಂಡಿಗೆ ಹಾಕಿ ಹಾಕಿ ಬದುಕಿದ್ದಳು. ಈಗ ಹಾಕಲು ಜಾಗವಿರಲಿಲ್ಲ.

“ದೇವರನ್ನ ಕೊಂದವನು ನಾನು. ಬೈಯೋದಾದ್ರೆ ನನ್ನ ಬೈಯಿರಿ. ಅವಳನ್ನ ಬಿಟ್ಟುಬಿಡಿ,” ಎಂದು ಕತ್ತಿಯಾಳು ಅಡ್ಡ ನಿಂತ.

ಜನ ಬೈದರು. ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೇಳಿದ. ಆಮೇಲೆ, “ಹಾಗಲ್ಲ, ನಾನು ಒಳ್ಳೇದಕ್ಕೇ...” ಎಂದು ಬಾಯಿ ತೆರೆದ. ದುಗ್ಗವ್ವ ಕೈ ಕೊಡವಿ ಎದ್ದಳು. “ತಿರುಗಿ ಮಾತಾಡೋನಿಗೆ ಬೈದು ಏನು ಬಂತು?” ಎಂದು ಹೊರಟುಹೋದಳು. ಎಲ್ಲರೂ ಹೊರಟುಹೋದರು.

ಬೆಳಕು ಹರಿಯುವ ಹೊತ್ತಿಗೆ ಅವನು ಒಬ್ಬನೇ ಗುಂಡಿಗೆ ಇಳಿದ. ಹಿಂದಿನ ಸಲ ಕೊಲ್ಲುವ ಅವಸರದಲ್ಲಿ ಸುತ್ತ ನೋಡಿರಲಿಲ್ಲ. ಈಗ ನೋಡಿದ. ತಳದಲ್ಲಿ ಒಂದು ಕಲ್ಲು ಇತ್ತು. ಯಾರೋ ಕೂತು ಕೂತು ಅದು ನಡುವೆ ಸವೆದು ನುಣುಪಾಗಿತ್ತು. ಅದರ ಹಿಂದೆ ಗೋಡೆಗೆ ಒರಗಿಸಿದ ಕತ್ತಿಗಳಿದ್ದವು. ಕೆಲವಕ್ಕೆ ತುಕ್ಕು ಹಿಡಿದಿತ್ತು. ಕೆಲವು ತುಕ್ಕಾಗಿ ಉದುರಿ, ಹಿಡಿಯಷ್ಟೇ ಉಳಿದಿದ್ದವು. ಅವನು ಅವನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ತನ್ನ ಕತ್ತಿಯನ್ನೂ ಅವುಗಳ ಪಕ್ಕದಲ್ಲಿ ಒರಗಿಸಿ ಆ ಕಲ್ಲಿನ ಮೇಲೆ ಕೂತ. ಕಲ್ಲು ಅವನ ಅಳತೆಗೆ ಸರಿಯಾಗಿತ್ತು.

ಮೇಲೆ ಜನರ ಸದ್ದಾಯಿತು. ಮಾಕವ್ವನನ್ನು ಬಯಲಿಗೆ ಕರೆತರುತ್ತಿದ್ದರು. ದುಗ್ಗವ್ವನ ಕೈಯಲ್ಲಿ ಕೋಲಿತ್ತು. ಗುಂಡಿಯ ಹತ್ತಿರ ಬಂದಾಗ ಅವಳ ಕಾಲು ರೂಢಿಗೆ ನಿಂತಿತು, ಬಾಯಿ ರೂಢಿಗೆ ತೆರೆಯಿತು.

“ಎಲ್ಲಿ ಸತ್ತೆಯೋ ಹಾಳಾದವನೇ? ಕೇಳಿಸ್ತಾ ಇದೆಯಾ? ನನ್ ಮಗಳನ್ನ ಏನು ಮಾಡ್ದೆ?”

“ಹೂಂ,” ಎಂದಿತು ಆಳದ ದನಿ.

ಜನ ಇದ್ದಲ್ಲೇ ನಿಂತರು. ದುಗ್ಗವ್ವನ ಕೋಲು ಕೈಯಿಂದ ಜಾರಿತು. ಅವಳು ಗುಂಡಿಯ ಅಂಚಿನಲ್ಲಿ ಕುಸಿದು ಕೂತು ಬೈಯತೊಡಗಿದಳು. ತನಗೆ ಬರುವ ಬೈಗುಳವೆಲ್ಲ ಮುಗಿಯುವವರೆಗೆ ಬೈದಳು, ಮುಗಿದ ಮೇಲೆ ಮತ್ತೆ ಮೊದಲಿನಿಂದ ಬೈದಳು. ಕೆಳಗೆ ಕತ್ತಿಯಾಳಿಗೆ ಎಷ್ಟೋ ಮಾತು ನಾಲಿಗೆಯ ತುದಿಗೆ ಬಂತು. ನಾನು ಒಯ್ದಿಲ್ಲ ತಾಯಿ ಎನ್ನಬೇಕೆನಿಸಿತು. ಹಲ್ಲು ಕಚ್ಚಿ ನುಂಗಿದ. ಕೊನೆಗೆ ಅವಳ ದನಿ ಇಳಿಯಿತು.

“ಅವಳಿಗೆ ಚಳಿ ತಡೆಯೋಕೆ ಆಗಲ್ಲ. ಏನಾದ್ರೂ ಹೊದಿಸು. ಕೇಳಿಸ್ತಾ?”

ಕತ್ತಲೆಯಲ್ಲಿ ಅವನು ಅಳುತ್ತಿದ್ದ. ಅಳು ದನಿಗೆ ಬರದ ಹಾಗೆ ಹಿಡಿದು, “ಹೂಂ” ಎಂದ.

ದುಗ್ಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಮಾಕವ್ವನ ಮುಂದೆ ನಿಂತಳು. “ಬಾ, ಬಟ್ಟೆ ಹಿಂಡದೆ ಹಾಗೇ ಬಿದ್ದಿದೆ,” ಎಂದಳು. ಅಂದು ಮಾಕವ್ವ ಬಟ್ಟೆಯ ಈ ತುದಿ ಹಿಡಿದಳು. ದುಗ್ಗವ್ವ ಆ ತುದಿ ಹಿಡಿದಳು.

ಗುರುಗಳು ಕತೆ ನಿಲ್ಲಿಸಿದರು. ಇರುಗಪ್ಪ ಇನ್ನೂ ಇದೆ ಎಂದು ಕಾದ. ಇರಲಿಲ್ಲ.

“ಆಮೇಲೆ ಮಂಜು ಜನರನ್ನು ಒಯ್ಯುವುದು ನಿಂತಿತೇ?” ಎಂದು ಕೇಳಿದ.

“ಇಲ್ಲ.”

ಅವನು ಹಾರೆ ಹಿಡಿದು ಎದ್ದ. “ಹಾಗಾದರೆ ಏನು ಬಂತು ಗುರುಗಳೇ? ಒಂದು ಜೀವವನ್ನೂ ಉಳಿಸದ ದೇವರು. ನಾನು ಆ ಕಲ್ಲನ್ನು ಕಿತ್ತೇ ತೀರುತ್ತೇನೆ.”

“ಧಾರಾಳವಾಗಿ ಕೀಳು, ಕಿತ್ತ ಮೇಲೆ ಆ ಕುಳಿಯಲ್ಲಿ ನೀನೇ ಕೂತು, ನಿನ್ನ ತಾಯಿ ಇಷ್ಟು ದಿನ ನಿನಗೆ ಅನ್ನದೆ ಆ ಕಲ್ಲಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊ,” ಎಂದರು ಗುರುಗಳು.

ಇರುಗಪ್ಪ ಹಾರೆಯನ್ನು ಗೋಡೆಗೆ ಒರಗಿಸಿ, ಬರಿಗೈಯಲ್ಲಿ ಊರ ದಾರಿ ಹಿಡಿದ.