ಧೂಮ್ರಕೇಶನ ಖಡ್ಗ

ವಿಡಿಯೋ ಗೇಮಿನ ಕೊನೆಯ ಕೋಟೆಯಲ್ಲಿ ಧೂಮ್ರಕೇಶನೆಂಬ ರಾಕ್ಷಸನಿದ್ದ. ಅವನ ಖಡ್ಗಕ್ಕೆ ಸದಾ ಚಡಪಡಿಕೆ. ವೀರನೊಬ್ಬ ಎದುರು ಬಂದಾಗಲೆಲ್ಲ ಒಡೆಯ ಭಾಷಣಕ್ಕೆ ನಿಲ್ಲುತ್ತಿದ್ದ. ಅಷ್ಟರಲ್ಲಿ ವೀರ ಮದ್ದು ಕುಡಿದು, ಚೇತರಿಸಿಕೊಂಡು, ಅವನನ್ನೇ ಕೆಡವುತ್ತಿದ್ದ.

"ಪ್ರಭು, ಮೊದಲು ಹೊಡೆಯಿರಿ, ಆಮೇಲೆ ಮಾತಾಡಿ" ಎಂದಿತು ಖಡ್ಗ.

"ಹೊಡೆದ ಮೇಲೆ ಕೇಳುವುದಕ್ಕೆ ಯಾರಿರುತ್ತಾರೆ, ಮರುಳೇ?" ಎಂದ ರಾಕ್ಷಸ.

ಖಡ್ಗಕ್ಕೆ ತಡೆಯಲಾಗಲಿಲ್ಲ. ಮರುದಿನ ವೀರ ಬಾಗಿಲು ದಾಟುತ್ತಲೇ, ಒಡೆಯ ಬಾಯಿ ತೆರೆಯುವ ಮೊದಲೇ, ಅವನ ಕೈಯಿಂದ ಚಿಮ್ಮಿ ವೀರನನ್ನು ಉರುಳಿಸಿತು. "ಗೆದ್ದೆವು!" ಎಂದು ಕುಣಿಯಿತು.

ಪರದೆಯಾಚೆ ವೀರನನ್ನು ಆಡಿಸುತ್ತಿದ್ದ ತನ್ಮಯಿ ಅಣ್ಣನ ಕಡೆ ತಿರುಗಿ ಗೊಣಗಿದಳು: "ಥೂ, ಈ ರಾಕ್ಷಸ ತನ್ನ ಭಾಷಣದ ಆ ಮಾತು ಹೇಳಲೇ ಇಲ್ಲ ಕಣೋ! ಅದನ್ನ ಕೇಳೋಕೇ ಅಲ್ವಾ ನಾನು ದಿನಾ ಬರೋದು? ಬೇರೆ ಆಟ ಹಾಕು."

ಕೋಟೆಯ ದೀಪಗಳು ಆರತೊಡಗಿದವು. ಖಡ್ಗ ಗಾಬರಿಯಿಂದ ಒಡೆಯನ ಒರೆಗೆ ಹಾರಿತು. "ಪ್ರಭು, ಬೇಗ! ಆ ಮಾತು ಹೇಳಿ!"

ಧೂಮ್ರಕೇಶ ಕತ್ತಲಿನತ್ತ ನೋಡಿ ಹೇಳಿದ: "ನನ್ನ ಬಾಗಿಲಿಗೆ ಬಂದವರೆಲ್ಲ ಗೆದ್ದು ಹೋಗಿದ್ದಾರೆ. ನನ್ನನ್ನು ಮರೆತವರು ಒಬ್ಬರೂ ಇಲ್ಲ."

ಆಟ ಬದಲಿಸಲು ಹೋದ ಅಣ್ಣನ ಕೈ ಅಲ್ಲೇ ನಿಂತಿತು. ದೀಪಗಳು ಮತ್ತೆ ಹೊತ್ತಿಕೊಂಡವು. ಬಿದ್ದಿದ್ದ ವೀರ ಎದ್ದು ಮದ್ದು ಕುಡಿಯತೊಡಗಿದ. ಖಡ್ಗ ಒರೆಯೊಳಗೆ ಚಡಪಡಿಸುತ್ತಲೇ ಕಾದು ಕುಳಿತಿತು.