ಸೊಣ್ಣಪ್ಪನ ಬದುವಿನ ಸೊಪ್ಪು

ಕಿವಿಯಿದ್ದವರು ಕೇಳಿ, ನಗು ಬಂದರೆ ತಡೆಯಬೇಡಿ. ರಾಗಿ ಬೆಳೆಯುವ ಸೀಮೆಯ ಒಂದೂರಿನಲ್ಲಿ ದ್ಯಾವಕ್ಕನೆಂಬ ವಿಧವೆಯಿದ್ದಳು. ಅವಳಿಗೆ ಪಿಳ್ಳಪ್ಪನೆಂಬ ಪೆದ್ದ ಮಗನಿದ್ದನು. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಬೆರಕೆಸೊಪ್ಪು ಆರಿಸುವುದರಲ್ಲಿ ದ್ಯಾವಕ್ಕನಿಗೆ ಸರಿಸಾಟಿಯಿರಲಿಲ್ಲ. ಅವಳ ಕೈಯಾಡಿದ ಬದುವಿನಲ್ಲಿ ಎಂಟೇ ದಿನಕ್ಕೆ ಮತ್ತೆ ಚಿಗುರು. ಇಷ್ಟು ವರ್ಷಗಳಲ್ಲಿ ಯಾವ ಹೊಲದವನೂ ಅವಳನ್ನು "ಏಯ್" ಎಂದು ಕೂಗಿರಲಿಲ್ಲ. ಅದೇ ಅವಳ ಆಸ್ತಿ.

ಒಮ್ಮೆ ಅವಳ ಮಂಡಿ ಊದಿಕೊಂಡಿತು.

"ಮಗನೇ, ಸೊಣ್ಣಪ್ಪನ ಬದುವಿನಲ್ಲಿರುವ ಸೊಪ್ಪು ತಗೊಂಡು ಬಾ."

ಪಿಳ್ಳಪ್ಪ ಇರುವ ಸೊಪ್ಪನ್ನೆಲ್ಲ ತಂದ. ಅಣ್ಣೆಸೊಪ್ಪು ಕಿತ್ತ, ಗಣಿಕೆಸೊಪ್ಪು ಕಿತ್ತ, ಬೇರುಮಣ್ಣಿನೊಂದಿಗೆ ಬದುವನ್ನೇ ಬೋಳಿಸಿ ಹೊರೆ ಕಟ್ಟಿ ತಂದ. ಹಿಂದೆಯೇ ಸೊಣ್ಣಪ್ಪ ಬಂದ.

"ಏಯ್ ದ್ಯಾವಕ್ಕ! ಇನ್ನು ತಾಯಿ ಮಗ ಇಬ್ಬರೂ ನನ್ನ ಬದು ತುಳಿಯಕೂಡದು!"

ಆ "ಏಯ್" ಅವಳ ಎದೆಗೆ ನಾಟಿತು.

"ಅಯ್ಯೋ ಮಂಕೇ! ಬೇರಿಗೆ ಕೈ ಹಾಕುತ್ತಾರೇನೋ? ತುದಿ ಚಿವುಟಬೇಕು, ಬುಡ ಬಿಡಬೇಕು!"

"ಆಗಲಮ್ಮ."

ತಪ್ಪು ತೀರಲೆಂದು ಸೊಣ್ಣಪ್ಪನನ್ನು ಒಪ್ಪಿಸಿ, ಮರುದಿನ ಮಗನನ್ನು ಅವನ ರಾಗಿಹೊಲಕ್ಕೆ ಕೂಲಿಯಿಲ್ಲದೆ ಕಳೆ ತೆಗೆಯಲು ಕಳುಹಿಸಿದಳು. ಪಿಳ್ಳಪ್ಪ ಸಂಜೆಯವರೆಗೂ ಕಳೆಯ ತುದಿ ಚಿವುಟಿದ, ಬುಡ ಬಿಟ್ಟ.

"ಚಿವುಟಿದ ಕಳೆ ಕವಲೊಡೆದು ಎರಡಾಗುತ್ತದಲ್ಲೋ!" ಎಂದು ಸೊಣ್ಣಪ್ಪ ಹಣೆ ಚಚ್ಚಿಕೊಂಡ.

"ಅಯ್ಯೋ ಮಂಕೇ!" ಎಂದಳು ತಾಯಿ. "ಇನ್ನೊಬ್ಬರ ಹೊಲದಲ್ಲಿ ಏನನ್ನು ಮುಟ್ಟುವುದಿದ್ದರೂ ಮೊದಲು ಯಜಮಾನನನ್ನು ಕೇಳಬೇಕು!"

"ಆಗಲಮ್ಮ."

ಮೂರನೆಯ ದಿನ ಮತ್ತೆ ಕಳೆ ತೆಗೆಯಲು ಹೋದಾಗ ರಾಗಿಗೆ ಹಸು ನುಗ್ಗಿತು. ಪಿಳ್ಳಪ್ಪ ನೋಡಿದ, ಮುಟ್ಟಲಿಲ್ಲ. ಎರಡು ಹರದಾರಿ ನಡೆದು, ಸಂತೆಯಲ್ಲಿ ಸೊಣ್ಣಪ್ಪನನ್ನು ಹುಡುಕಿ ಕೈಮುಗಿದ.

"ಮಾವ, ನಿಮ್ಮ ಹೊಲದಲ್ಲಿ ಹಸು ಮೇಯುತ್ತಿದೆ. ಮುಟ್ಟಲೇ?"

ಕೋಲು ಹಿಡಿದು ಅಟ್ಟಿಸಿಕೊಂಡು ಬಂದ ಸೊಣ್ಣಪ್ಪನೆದುರು ದ್ಯಾವಕ್ಕ ಬಾಗಿಲಲ್ಲಿ ನೆಟ್ಟಗೆ ನಿಂತಳು.

"ಹಸು ತಿಂದದ್ದಕ್ಕೆ ನಿನ್ನ ಹೊಲದಲ್ಲಿ ನಾನೇ ದುಡಿಯುತ್ತೇನೆ ಸೊಣ್ಣಪ್ಪ. ಆದರೆ ಒಂದು ಮಾತು ಹೇಳು. ಮೊನ್ನೆ ಪೇಟೆಯಿಂದ ಕಾರಿನವರು ಬಂದು ನಿನ್ನ ಬದುವಿನ ತಂಗಡಿ ಹೂವನ್ನು ಔಷಧಿಗೆಂದು ಚೀಲಗಟ್ಟಲೆ ಒಯ್ದರಲ್ಲ, ಅವರಲ್ಲಿ ಯಾರು ಕೇಳಿದರು? ಎರಡು ಹರದಾರಿ ನಡೆದು ಬಂದು ಕೇಳಿದವನು ನನ್ನ ಮಗನೊಬ್ಬನೇ!"

ಕೋಲು ಕೆಳಗಿಳಿಯಿತು. ಸೊಣ್ಣಪ್ಪನಿಗೆ ನಗುವೂ ಬಂದಿತು.

"ನಿಜ ದ್ಯಾವಕ್ಕ. ಸೊಪ್ಪಿಗೆ ಬಾ. ಹೊಲ ನಿನ್ನದೇ ಅಂದುಕೋ."

ತಾಯಿ ತಲೆಯೆತ್ತಿದಳು. ಮಗನೂ ಕೇಳಿಸಿಕೊಂಡನು.

ಮರುದಿನ ಬೆಳಗ್ಗೆ ಸೊಣ್ಣಪ್ಪ ಎತ್ತು ಹೊಡೆದುಕೊಂಡು ಹೊಲಕ್ಕೆ ಬಂದರೆ, ಬದುವಿನ ಮೇಲೆ ಎರಡೂ ಕೈ ಚಾಚಿ, ಎದೆಯುಬ್ಬಿಸಿ ಪಿಳ್ಳಪ್ಪ ನಿಂತಿದ್ದ.

"ನಿಲ್ಲಿ ಮಾವ! ಅಮ್ಮ ಮನೆಯಲ್ಲಿದ್ದಾಳೆ. ಕೇಳಿಕೊಂಡು ಬನ್ನಿ!"